ನೋವಿನವರ ಸಹಿ

ಆ ಊರಿನ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಎರಡು ಕುರ್ಚಿಗಳಿದ್ದವು. ಒಂದು ಎಲ್ಲ ಕಡೆ ಇರುವಂಥದ್ದು, ಹಿಂದಕ್ಕೆ ಬಾಗುವ, ಮೇಲೆ ದೀಪವಿರುವ ಕುರ್ಚಿ. ಇನ್ನೊಂದು ಸಾಗುವಾನಿಯದು, ಹಳೆಯದು. ಅದರ ಎರಡೂ ಕೈಗಳ ತುದಿ ಜನ ಹಿಡಿದು ಹಿಡಿದು ನುಣ್ಣಗಾಗಿ, ಬಣ್ಣ ಹೋಗಿ, ಒಳಗಿನ ಮರ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅದನ್ನು ಹೊರಗೆ ಹಾಕಿಸೋಣ ಎಂದೆ. ಅಟೆಂಡರ್ ಮೋದಿನ್ ಸಾಬರು ನನ್ನನ್ನೇ ಹೊರಗೆ ಹಾಕಬೇಕು ಎನ್ನುವಂತೆ ನೋಡಿದರು.

“ಅದು ನೋವಿನವ್ರ ಕುರ್ಚಿರಿ ಬಾಯಾರ. ಅದನ್ನ ತಗದ್ರ ಅವ್ರು ಎಲ್ಲಿ ಕುಂದರಬೇಕ್ರಿ?”

ಆ ಕಡೆ ಹೆಂಗಸರನ್ನು ಗೌರವದಿಂದ ‘ಬಾಯಾರ’ ಎಂದು ಕರೆಯುತ್ತಾರೆ. ನಾನು ಬೇರೆ ಕಡೆಯವಳು. ಬಾಯಿಯ ಡಾಕ್ಟರಾದ್ದರಿಂದ ಹಾಗೆ ಕರೆಯುತ್ತಾರೆಂದು ಒಂದು ವಾರ ನಂಬಿಕೊಂಡಿದ್ದೆ.

ನನ್ನ ಮೊದಲ ರೋಗಿ ಒಬ್ಬ ಕಮ್ಮಾರ. ಬಾಗಿಲು ತುಂಬುವಂಥ ಆಳು, ಬಲಗೆನ್ನೆ ಒತ್ತಿ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಬಂದ. ಬಾಯಿ ನೋಡಿದರೆ ಮೂವತ್ತೆರಡೂ ಹಲ್ಲು ಗಟ್ಟಿ. ಎಕ್ಸ್‌ರೇ ತೆಗೆದೆ, ಬೇರಿನಲ್ಲೂ ಏನಿಲ್ಲ. ನಾನು ಫಿಲಂ ಹಿಡಿದು ಯೋಚಿಸುತ್ತಿರುವಾಗ ಮೋದಿನ್ ಸಾಬರು ಹೊರಗೆ ಹೋಗಿ, ಬೆಂಚಿನ ಮೇಲೆ ಕಬ್ಬು ಕಡಿಯುತ್ತ ಕೂತಿದ್ದ ಅವನ ಆರು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಕಮ್ಮಾರ ತಾನಾಗಿ ಎದ್ದು ಮರದ ಕುರ್ಚಿಗೆ ಹೋದ, ಮಗಳು ದೊಡ್ಡ ಕುರ್ಚಿಯಲ್ಲಿ ಕೂತಳು. ಅವಳ ಕೆಳದವಡೆಯ ಬಲಗಡೆ ಹಲ್ಲಿನಲ್ಲಿ ಹೆಸರುಕಾಳು ಹಿಡಿಸುವಷ್ಟು ತೂತಿತ್ತು. ಸಲಕರಣೆಯ ಹಿಡಿಯಿಂದ ಆ ಹಲ್ಲನ್ನು ಮೆಲ್ಲಗೆ ತಟ್ಟಿದೆ. ಹುಡುಗಿ ಕಾಲು ಅಲ್ಲಾಡಿಸುತ್ತ ದೀಪ ನೋಡುತ್ತಿದ್ದಳು. ಕಮ್ಮಾರ ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದ.

ಆ ಊರಲ್ಲಿ ಹಲ್ಲು ಹಾಳಾದವರಿಗೆ ನೋವು ಬರುತ್ತಿರಲಿಲ್ಲ. ಅವರನ್ನು ಯಾರು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದರೋ ಅವರಿಗೆ, ಬಾಯಿಯ ಅದೇ ಜಾಗದಲ್ಲಿ, ಬರುತ್ತಿತ್ತು. ಇದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ತನ್ನ ಹಲ್ಲು ಹುಳುಕಾಗಿದೆ ಎಂದು ಒಬ್ಬರಿಗೆ ತಿಳಿಯುತ್ತಿದ್ದದ್ದು ಇನ್ನೊಬ್ಬರು ಬಾಗಿಲಿಗೆ ಬಂದು, “ನಿನ್ನ ಹಲ್ಲು ನೋಯಾಕತ್ತೈತಿ, ನಡಿ ಆಸ್ಪತ್ರಿಗೆ” ಎಂದಾಗ ಮಾತ್ರ. ಹೊಸದಾಗಿ ಮದುವೆಯಾದ ಹೆಣ್ಣಿನ ಹಲ್ಲುನೋವು ತಾಯಿಯ ಬಾಯಿಂದ ಗಂಡನ ಬಾಯಿಗೆ ಹೋದ ದಿನ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿ, ಆಮೇಲೆ ಒಳಗೆ ಹೋಗಿ ಅಳುತ್ತಿದ್ದಳು. ಮೋದಿನ್ ಸಾಬರಿಗೆ ಏಳು ಮೊಮ್ಮಕ್ಕಳು. ಬೆಳಿಗ್ಗೆ ಆಸ್ಪತ್ರೆಯ ಬೀಗ ತೆಗೆಯುವಾಗಲೇ ಕೆನ್ನೆ ಹಿಡಿದುಕೊಂಡು, “ಇವತ್ತ ಮ್ಯಾಲಿನ ಎಡಗಡಿರಿ. ಸಣ್ಣಾಕಿದ ಇರಬೇಕು” ಎನ್ನುತ್ತಿದ್ದರು. ಕೊರೆಯದೆ, ಬರೀ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸುವ ಬೆಳ್ಳಿಯ ಹನಿಮದ್ದು ಆಗ ಆಸ್ಪತ್ರೆಗಳಿಗೆ ಹೊಸದಾಗಿ ಬಂದಿತ್ತು. ಏಳೂ ಮಕ್ಕಳಿಗೆ ಹಚ್ಚಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ. ಮಕ್ಕಳ ನಗು ಅಲ್ಲಲ್ಲಿ ಕಪ್ಪಾಯಿತು, ಸಾಬರ ನಿದ್ದೆ ಮರಳಿತು.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಎರಡು ಕಾಲಮ್ಮುಗಳು: ಹಲ್ಲಿನವರು, ನೋವಿನವರು. ಹಲ್ಲು ಕೀಳುವ ಮೊದಲು ಇಬ್ಬರ ಸಹಿಯೂ ಬೇಕು. ಎಲ್ಲೋ ವರ್ಷಕ್ಕೊಬ್ಬರು ಒಂಟಿಯಾಗಿ ಬಂದು, ಹಲ್ಲು ಅಲ್ಲಾಡುತ್ತಿದೆ, ನೋಡಿ ಎನ್ನುತ್ತಿದ್ದರು. ಆಗ ಸಾಬರು ಎರಡನೆಯ ಕಾಲಮ್ಮಿನಲ್ಲಿ ಒಂದು ಸಣ್ಣ ಗೆರೆ ಎಳೆದು ರಿಜಿಸ್ಟರನ್ನು ಥಟ್ಟನೆ ಮುಚ್ಚಿಬಿಡುತ್ತಿದ್ದರು. ತಮ್ಮ ಹೆಸರಿನ ಎದುರು ಆ ಗೆರೆ ಬೀಳಬಹುದೆಂದು ಹೆದರಿ ಎಷ್ಟು ಜನ ಆಸ್ಪತ್ರೆಯ ಕಡೆಗೇ ಬರುತ್ತಿರಲಿಲ್ಲವೋ, ಅದು ನನಗೆ ಆಮೇಲೆ ಗೊತ್ತಾಯಿತು.

ಬಾಳವ್ವ ಬಂದದ್ದು ನಾನು ಸೇರಿದ ಎಂಟನೆಯ ತಿಂಗಳಲ್ಲಿ. ಅರವತ್ತಾರು ವರ್ಷ, ಒಣಗಿದ ಮೈ, ಬಿಗಿಯಾಗಿ ಕಟ್ಟಿದ ತುರುಬು. ನೇರ ಬಂದು ದೊಡ್ಡ ಕುರ್ಚಿಯಲ್ಲಿ ಕೂತಳು.

“ಕೆಳಗ, ಎಡಗಡಿ, ಹಿಂದಿಂದು. ಕಿತ್ತು ಒಗೀರಿ.”

ನೋಡಿದೆ. ಆ ವಯಸ್ಸಿಗೆ ಅಂಥ ಹಲ್ಲುಗಳನ್ನು ನಾನು ನೋಡಿರಲಿಲ್ಲ. ವಸಡು ಕೂಡ ಎಳೆಯ ಹುಡುಗಿಯದರಂತೆ ಗುಲಾಬಿ ಬಣ್ಣದ್ದು.

“ಅಜ್ಜಿ, ನಿಮ್ಮ ಹಲ್ಲು ಚೆನ್ನಾಗಿದೆ. ಇದು ನಿಮ್ಮ ನೋವಲ್ಲ. ಯಾರದು?”

“ನಂಗ್ಯಾರೂ ಇಲ್ಲ. ಮಕ್ಕಳಿಲ್ಲ ಮರಿಯಿಲ್ಲ, ಗಂಡ ಸತ್ತು ಹತ್ತೊಂಬತ್ತು ವರ್ಷಾತು. ನೀವು ಹಲ್ಲು ಕೀಳ್ರಿ, ನೋವು ಕುಂದ್ರಾಕ ಜಾಗ ಇಲ್ದ ಹೋಗ್ತೈತಿ.”

“ಗಟ್ಟಿ ಹಲ್ಲು ಕೀಳೋಕೆ ಆಗಲ್ಲ. ಯಾರದು ಅಂತ ಹೇಳಿದರೆ ಅವರನ್ನ ಕರೆಸ್ತೀನಿ.”

ಬಾಳವ್ವ ಕುರ್ಚಿಯಿಂದ ಇಳಿದು ಸೆರಗು ಹೊದ್ದುಕೊಂಡಳು. ನಾನು ಇನ್ನೊಮ್ಮೆ ಕೇಳಿದ್ದಕ್ಕೆ ಮೋದಿನ್ ಸಾಬರು ನನ್ನತ್ತ ಕಣ್ಣು ಮಾಡಿದರು. ಆ ಊರಲ್ಲಿ ಹಾಗೆ ಕೇಳುವುದು ಮರ್ಯಾದೆಯಲ್ಲವಂತೆ, ತಾವಾಗಿ ಹೇಳುವವರೆಗೆ ಕಾಯಬೇಕಂತೆ. ನೋವಿನ ಗುಳಿಗೆ ಕೊಟ್ಟು ಕಳಿಸಿದೆ. ಅವಳು ಪ್ರತಿ ಸೋಮವಾರ ಬರತೊಡಗಿದಳು. ಪ್ರತಿ ಸಲವೂ ಅದೇ ಹಲ್ಲು, ಅದೇ ಹಟ, ಅದೇ ಗುಳಿಗೆ. ಲವಂಗ ಇಟ್ಟು ಇಟ್ಟು ಅವಳ ಎಡಗೆನ್ನೆಯ ಒಳಭಾಗ ಸುಟ್ಟ ಹಾಗೆ ಬೆಳ್ಳಗಾಗಿತ್ತು. ನನಗೆ ಹೆದರಿಕೆಯಿದ್ದದ್ದು ಅವಳ ಬಗ್ಗೆ ಅಲ್ಲ. ಎಲ್ಲೋ ಒಬ್ಬರ ದವಡೆಯೊಳಗೆ ಕೀವು ಕಟ್ಟುತ್ತಿದೆ, ಅವರಿಗೆ ಗೊತ್ತೇ ಇಲ್ಲ.

“ಬಾಳವ್ವಂದು ನಿಮಗ ಗೊತ್ತಿಲ್ಲರಿ,” ಎಂದು ಒಂದು ಮಧ್ಯಾಹ್ನ ಸಾಬರು ಸಲಕರಣೆ ಕುದಿಸುತ್ತ ಹೇಳತೊಡಗಿದರು. “ಬೆಂಡು ಮಾಡೋ ಬಾಳವ್ವ ಈಕಿ. ಬತ್ತಾಸು ಮಾಡೋ ಚಂಪವ್ವ ಆಕಿ ಸವತಿ. ಒಂದ ಮನಿ, ನಡುವ ಗ್ವಾಡಿ.”

ಅದು ನನಗೂ ಗೊತ್ತಿತ್ತು. ಮಗುವಿಗೆ ಹೆಸರಿಡುವಾಗ, ಹೊಸ ಅಂಗಡಿ ತೆರೆಯುವಾಗ ಆ ಊರವರು ಬೆಂಡು ಬತ್ತಾಸು ಎರಡನ್ನೂ ಒಯ್ಯಬೇಕು. ಒಂದೇ ಜಗುಲಿಯ ಎರಡು ಬಾಗಿಲಿಗೆ ಹೋಗಬೇಕು. ಒಂದರಲ್ಲಿ ಇನ್ನೊಂದರ ಹೆಸರು ಎತ್ತಬಾರದು.

ಸಾಬರು ಹೇಳಿದ್ದು ಇಷ್ಟು. ಬಾಳವ್ವನಿಗೆ ಮಕ್ಕಳಾಗಲಿಲ್ಲವೆಂದು ಅವಳೇ ಹೋಗಿ, ನೋಡಿ, ಇಪ್ಪತ್ತು ವರ್ಷದ ಚಂಪವ್ವನನ್ನು ತನ್ನ ಗಂಡ ದುಂಡಪ್ಪನಿಗೆ ತಂದಳು. ಹೊಸ ಹುಡುಗಿ ತವರು ನೆನೆದು ಅತ್ತರೆ ಬಾಳವ್ವನೇ ತಲೆ ಬಾಚಿ ಹೂ ಮುಡಿಸುವಳು. ಚಂಪವ್ವ ಏಳನೆಯ ಇಯತ್ತೆ ಓದಿದ್ದಳು. ಒಲೆಯ ಮುಂದೆ ಬೂದಿಯಲ್ಲಿ ಬೆರಳಾಡಿಸಿ ಬಾಳವ್ವನಿಗೆ ಹೆಸರು ಬರೆಯಲು ಕಲಿಸಿದಳು. ಚಂಪವ್ವನಿಗೆ ಹುಟ್ಟಿದ ಕೂಸು ಮೂರು ದಿನ ಬದುಕಿ ಹೋದಾಗ ಬಾಳವ್ವ ತಿಂಗಳುಗಟ್ಟಲೆ ಅವಳ ಪಕ್ಕದಲ್ಲೇ ಮಲಗಿದಳು. ಅದಾದ ಕೆಲವು ದಿನಕ್ಕೆ ದುಂಡಪ್ಪನ ಹಲ್ಲು ಕೆಟ್ಟಿತು. ಅವನ ಹಲ್ಲುನೋವು ಯಾವಾಗಲೂ ಬಾಳವ್ವನಿಗೇ ಬರುತ್ತಿತ್ತು. ಆ ಸಲ ಚಂಪವ್ವನಿಗೆ ಬಂತು.

“ನಾನ ರಿಜಿಸ್ಟರ್ ಹಿಡದು ನಿಂತಿದ್ನಿ. ನೋವಿನವ್ರು ಯಾರು ಅಂದ್ನಿ. ಬಾಳವ್ವ ಮುಂದ ಬಂದು ಸಹಿ ಮಾಡಾಕ ಪೆನ್ನು ತಗೊಂಡ್ಲು. ಹಿಂದಿಂದ ಚಂಪವ್ವ, ‘ಅಕ್ಕಾ, ನಂಗ ನೋಯಾಕತ್ತೈತಿ’ ಅಂದ್ಲು. ಹೊರಗ ಬೆಂಚಿನ ಮ್ಯಾಲ ಕುಂತ ಮಂದಿ ನಕ್ಕಬಿಟ್ರು. ಅವತ್ತಿಂದ ಬಾಳವ್ವ ನಗೂದು ಬಿಟ್ಲು.”

ದುಂಡಪ್ಪ ಸತ್ತ ಮೇಲೆ ಇಬ್ಬರ ನಡುವೆ ಯಾವುದೋ ಮಾತು ಬಂತು. ಏನು ಮಾತೋ ಊರಿಗೆ ತಿಳಿಯಲಿಲ್ಲ. ಮರುವಾರ ಚಂಪವ್ವ ಗೌಂಡಿಯನ್ನು ಕರೆಸಿ ಮನೆಯ ನಡುವೆ ಗೋಡೆ ಎಬ್ಬಿಸಿದಳು.

ಇಷ್ಟು ಕೇಳಿದ ಮೇಲೂ ನನಗೆ ಹೊಳೆಯಲಿಲ್ಲ. ಸಾಬರಿಗೆ ಹೊಳೆದಿತ್ತೋ ಏನೋ, ಹೇಳಲಿಲ್ಲ.

ಒಂಬತ್ತನೆಯ ವಾರ, ಸೋಮವಾರವಲ್ಲ, ಗುರುವಾರ, ಹನ್ನೊಂದು ಗಂಟೆಯ ಬಿಸಿಲಲ್ಲಿ ಬಾಳವ್ವ ಓಡಿಕೊಂಡು ಬಂದಳು. ಕಾಲಲ್ಲಿ ಚಪ್ಪಲಿಯಿಲ್ಲ, ತುರುಬು ಬಿಚ್ಚಿದೆ, ಕೈಯೆಲ್ಲ ಹಿಟ್ಟು. ಸರದಿಯಲ್ಲಿದ್ದವರನ್ನು ದಾಟಿ ಒಳಗೆ ಬಂದು ನನ್ನ ಮುಂಗೈ ಹಿಡಿದಳು.

“ನೋವು ನಿಂತೈತ್ರಿ!”

“ಒಳ್ಳೇದಾಯ್ತಲ್ಲ ಅಜ್ಜಿ.”

“ಏನ್ ಒಳ್ಳೇದ್ರಿ? ಎರಡು ತಿಂಗಳ ಬಿಡದ ಬಡದಿದ್ದು ಮುಂಜಾನೆ ಒಮ್ಮಿಗೇ ನಿಂತೈತಿ. ಬರೀ ಇಲ್ಲಿ ಬಿಗದಂಗ ಆಗೈತಿ.” ಅವಳು ಗದ್ದದ ಕೆಳಗೆ, ಗಂಟಲ ಮೇಲೆ ಕೈಯಿಟ್ಟು ತೋರಿಸಿದಳು. “ಉಗುಳು ನುಂಗಾಕ ಬರವಲ್ದು. ಆಕಿ ಹೋದ್ಲೇನೋ ನೋಡ್ರಿ. ನಿಮ್ಮ ಕಾಲು ಹಿಡೀತೀನಿ, ಹೋಗಿ ನೋಡ್ರಿ.”

“ಯಾರು?”

“ಚಂಪಾ.”

ನಾನು ಕೈಗವಸು ಕಳಚಿ ಎದ್ದೆ. ಹಲ್ಲಿನ ಬೇರಿನಲ್ಲಿ ಕಟ್ಟಿದ ಕೀವು ಎಲುಬು ಒಡೆದು ಹೊರಗೆ ಬಂದರೆ ಒಳಗಿನ ಒತ್ತಡ ಇಳಿದು ನೋವು ನಿಂತುಬಿಡುತ್ತದೆ. ಜನ ವಾಸಿಯಾಯಿತೆಂದು ತಿಳಿಯುತ್ತಾರೆ. ಆದರೆ ಆ ಕೀವು ನಾಲಿಗೆಯ ಕೆಳಗೆ, ಕುತ್ತಿಗೆಗೆ ಇಳಿದಿರುತ್ತದೆ. ಬಾವು ಉಸಿರಿನ ದಾರಿ ಮುಚ್ಚಲು ಕೆಲವು ಗಂಟೆ ಸಾಕು.

ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಸಾಬರೂ ನಾನೂ ಹೊರಟೆವು. ಬಾಳವ್ವನೂ ಹತ್ತಿದಳು. ಆದರೆ ಮನೆಯ ಮುಂದೆ ಇಳಿದವಳು ಚಂಪವ್ವನ ಹೊಸ್ತಿಲ ಈಚೆಗೇ ನಿಂತಳು.

ಒಳಗೆ ಒಲೆ ಆರಿತ್ತು. ಚಂಪವ್ವ ಗೋಡೆಗೆ ಒರಗಿ, ಕತ್ತು ಮುಂದೆ ಚಾಚಿ, ಬಾಯಿ ತೆರೆದು ಕೂತಿದ್ದಳು. ದುಂಡು ಮುಖದ ಹೆಂಗಸು, ಐವತ್ತೆರಡು ವರ್ಷ. ಗದ್ದವೂ ಕುತ್ತಿಗೆಯೂ ಒಂದಾಗಿ ಊದಿ, ಚರ್ಮ ಕೆಂಪಗೆ ಬಿಗಿದಿತ್ತು. ಮೇಲೆ ಅರಿಶಿನ ಸುಣ್ಣ ಹಚ್ಚಿಕೊಂಡಿದ್ದಳು. ಜೊಲ್ಲು ಸೆರಗಿನ ಮೇಲೆ ಇಳಿಯುತ್ತಿತ್ತು. ಮೈ ಕಾದ ಕಾವಲಿಯಾಗಿತ್ತು.

“ಮಂಗನಬಾವು,” ಎಂದಳು. ನಾಲಿಗೆ ಮೇಲಕ್ಕೆ ಎದ್ದಿದ್ದರಿಂದ ಮಾತು ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಮಾತಿನಂತಿತ್ತು. “ತಾನ ಇಳೀತೈತಿ. ನೋವೇನಿಲ್ಲ.”

“ಇದು ಹಲ್ಲಿಂದು ಚಂಪವ್ವ. ಈಗಲೇ ಹೊರಡಬೇಕು.”

ಅವಳು ಗೋಣು ಅಲ್ಲಾಡಿಸಿದಳು. “ಹಲ್ಲಿಂದಾಗಿದ್ರ ಯಾರರ ಬಂದು ಹೇಳ್ತಿದ್ರು. ನಮ್ಮ ಬಾಗಲಿಗೆ ಯಾರೂ ಬಂದಿಲ್ಲ.” ಉಸಿರು ಎಳೆದುಕೊಂಡು, “ರಿಜಿಸ್ಟರ್‌ನ್ಯಾಗ ಗೆರಿ ಎಳಸ್ಕೊಳ್ಳಾಕ ನಾ ಬರೂದಿಲ್ಲ,” ಎಂದಳು.

ನಾನು ಬಾಯಿ ತೆರೆದೆ. ಸಾಬರು ನನ್ನ ತೋಳು ಮುಟ್ಟಿದರು. ಅವರು ಚಂಪವ್ವನ ಎದುರು ಕುಕ್ಕರುಗಾಲಲ್ಲಿ ಕೂತು, “ತಂಗಿ, ಯಾರೋ ಬಂದಾರ. ಹೊರಗ ನಿಂತಾರ. ಹೆಸರು ಆಮ್ಯಾಲ ಹೇಳ್ತೀನಿ. ಮೊದಲ ನೀ ಏಳು” ಎಂದರು. ಚಂಪವ್ವ ಅವರ ಮುಖವನ್ನೇ ನೋಡಿದಳು. ಐವತ್ತೆಂಟು ವರ್ಷದ ಸಾಬರು ಸುಳ್ಳು ಹೇಳುವವರಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅವಳು ಕೈ ಚಾಚಿದಳು. ಬಾಳವ್ವ ಕಣ್ಣಿಗೆ ಬೀಳದಂತೆ ಗಾಡಿಯನ್ನು ಹಿಂದಕ್ಕೆ ತರಿಸಿ, ಹಿತ್ತಲ ಬಾಗಿಲಿನಿಂದ ಅವಳನ್ನು ಅದರೊಳಗೆ ಮಲಗಿಸಿದೆವು, ಅಲ್ಲ, ಕೂರಿಸಿದೆವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಾಳವ್ವ ಮುಂದೆ ಡ್ರೈವರ್ ಪಕ್ಕ ಕೂತು ತಲೆ ತಿರುಗಿಸಲಿಲ್ಲ.

ಆಸ್ಪತ್ರೆಯ ದೊಡ್ಡ ಡಾಕ್ಟರು ರಕ್ತ ನೋಡಿದರು. ಸಕ್ಕರೆ ನಾಲ್ಕುನೂರ ಹದಿನೆಂಟು. ಎಷ್ಟು ವರ್ಷದಿಂದ ಇತ್ತೋ, ಅವಳು ಯಾವತ್ತೂ ನೋಡಿಸಿರಲಿಲ್ಲ. ದಿನವಿಡೀ ಸಕ್ಕರೆಪಾಕದ ಮುಂದೆ ಕೂತು ಹನಿ ಹನಿಯಾಗಿ ನಾಲಿಗೆಗೆ ಇಟ್ಟುಕೊಂಡು ಹದ ನೋಡುವ ಹೆಂಗಸು. ವಸಡು ಕೊಳೆತು, ಮೇಲಿನದೊಂದು, ಬಲಗಡೆಯದೊಂದು ಹಲ್ಲು ಎಂದೋ ಉದುರಿದ್ದವು. ಇನ್ಸುಲಿನ್ ಹಾಕಿದರು, ಕೀವಿಗೆ ಇಂಜೆಕ್ಷನ್ ಶುರು ಮಾಡಿದರು. ಜಿಲ್ಲಾ ಆಸ್ಪತ್ರೆಗೆ ಎರಡು ಗಂಟೆಯ ದಾರಿ.

“ದಾರಿಯಲ್ಲೇ ಉಸಿರು ನಿಲ್ಲುತ್ತದೆ,” ಎಂದರು ದೊಡ್ಡ ಡಾಕ್ಟರು. “ಮೊದಲು ಇಲ್ಲೇ ಕೊಯ್ದು ಕೀವು ಬಿಡಬೇಕು. ಪೂರ್ತಿ ಮಂಪರು ಕೊಡೋಕೆ ಧೈರ್ಯವಿಲ್ಲ. ಮರಗಟ್ಟಿಸುವ ಮದ್ದು ಕೀವಿದ್ದ ಕಡೆ ಸರಿಯಾಗಿ ಹತ್ತೋದಿಲ್ಲ. ಅದು ನಿಮಗೇ ಗೊತ್ತು.”

ಗೊತ್ತಿತ್ತು. ಚಂಪವ್ವನಿಗೆ ನೋವಾಗುವುದಿಲ್ಲ, ಆಗುವುದು ಯಾರಿಗೆ ಎಂಬುದೂ ಗೊತ್ತಿತ್ತು. ನಾನು ಕಾರಿಡಾರಿಗೆ ಬಂದೆ. ಬಾಳವ್ವ ಬೆಂಚಿನ ತುದಿಯಲ್ಲಿ ಕೂತಿದ್ದಳು.

“ಅಜ್ಜಿ, ಗದ್ದದ ಕೆಳಗೆ ಎರಡು ಕಡೆ ಕೊಯ್ಯಬೇಕು. ಬೆರಳು ಹಾಕಿ ಕೀವಿನ ಗೂಡು ಒಡೆಯಬೇಕು. ಆಮೇಲೆ ಹಲ್ಲು. ಮದ್ದು ಅಷ್ಟಾಗಿ ಹತ್ತೋದಿಲ್ಲ.”

“ಆಕಿ ಉಳೀತಾಳೇನ್ರಿ?”

“ಕೊಯ್ದರೆ ಉಳೀಬಹುದು.”

“ಮತ್ಯಾಕ ನನ್ನ ಕೇಳ್ತೀರಿ?”

“ನೋವು ನಿಮಗೆ ಬರುತ್ತದೆ. ನಿಮ್ಮ ಸಹಿ ಬೇಕು.”

ಸಾಬರು ರಿಜಿಸ್ಟರ್ ತೆರೆದು ಹಿಡಿದರು. ಬಾಳವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಪೆನ್ನು ಹಿಡಿದವಳು ಬರೆಯದೆ ನನ್ನ ಕಡೆ ನೋಡಿದಳು.

“ಬಾಯಾರ, ಒಂದ ಮಾತು. ಅವ್ರು ಸತ್ತ ಹದಿಮೂರನೇ ದಿನ ನಾ ಆಕಿಗೆ ಅಂದೀನಿ. ‘ಅವರ ಮ್ಯಾಲ ನಿನ್ನ ಜೀವ ದೊಡ್ದು ಅಂತ ರಿಜಿಸ್ಟರ್‌ನ್ಯಾಗ ಬರದಾರಲ್ಲ, ಹಂಗಾರ ಅವರ ಹಿಂದ ನೀನೂ ಹೋಗಬೇಕಾಗಿತ್ತು, ಇನ್ನೂ ಯಾಕ ಕುಂತಿ’ ಅಂತ. ಮರುವಾರ ಆಕಿ ಗ್ವಾಡಿ ಎಬ್ಬಿಸಿದ್ಲು. ಇವತ್ತ ನೋವು ನಿಂತ ಕೂಡ್ಲೇ ನಂಗ ಆ ಮಾತ ನೆನಪಾತು. ನನ್ನ ಮಾತ ಆಕಿನ್ನ ತಿಂತೇನ್ರಿ?”

“ಮಾತಲ್ಲ ಅಜ್ಜಿ. ಹಲ್ಲು, ಸಕ್ಕರೆ, ಕೀವು. ಬೇಗ ಬರೀರಿ.”

ಅವಳು ಒಂದೊಂದೇ ಅಕ್ಷರವಾಗಿ ಬರೆದಳು. ಆಮೇಲೆ, “ನಡುವ ಪರದೆ ಹಾಕ್ರಿ, ಆಕಿಗೆ ಕಾಣಬಾರದು” ಎಂದಳು.

ಮೋದಿನ್ ಸಾಬರು ಮರದ ಕುರ್ಚಿಯನ್ನು ಹೊತ್ತು ತಂದು ಆಪರೇಷನ್ ಕೋಣೆಯಲ್ಲಿ ಪರದೆಯ ಆಚೆ ಇಟ್ಟರು. ನಾನು ಕೈ ತೊಳೆದು ಬಂದೆ. ಈಚೆ ಕಡೆ ಚಂಪವ್ವ ಕಣ್ಣು ತೆರೆದುಕೊಂಡೇ ಕೂತಿದ್ದಳು, ಆಮ್ಲಜನಕದ ಕೊಳವೆ ಮೂಗಿಗಿತ್ತು. ನಾನು ಚಾಕು ಇಟ್ಟೆ. ಚಂಪವ್ವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪರದೆಯ ಆಚೆಯಿಂದ ಒಂದು ಸದ್ದು ಬಂತು. ಕೂಗಲ್ಲ, ಸೀರೆಯ ಸೆರಗನ್ನು ಬಾಯಲ್ಲಿ ತುರುಕಿಕೊಂಡು ಅದರೊಳಗೆ ಕೂಗಿದ ಸದ್ದು. ನನ್ನ ಕೈ ನಿಂತಿತು.

“ನಿಲ್ಲಿಸಬ್ಯಾಡ್ರಿ,” ಎಂದಿತು ಪರದೆ.

ನಿಲ್ಲಿಸಲಿಲ್ಲ. ಬೆರಳು ಹಾಕಿ ಗೂಡು ಒಡೆದೆ. ಕೀವು ಹರಿಯಿತು, ಕೋಣೆ ತುಂಬ ಆ ವಾಸನೆ. ಕೊಳವೆ ಇಟ್ಟು ಹೊಲಿದೆ. ಕೊನೆಗೆ ಹಲ್ಲು ಕಿತ್ತೆ. ಅರ್ಧ ಗಂಟೆಯಾಗಿರಬಹುದು. ಅಷ್ಟು ಹೊತ್ತೂ ಮರದ ಕುರ್ಚಿ ನೆಲಕ್ಕೆ ಬಡಿಯುತ್ತಿತ್ತು. ಚಂಪವ್ವನ ನಾಲಿಗೆ ನಿಧಾನವಾಗಿ ಕೆಳಗಿಳಿಯಿತು, ಉಸಿರಿನ ಸಿಳ್ಳೆ ನಿಂತಿತು. ಅವಳು ಪರದೆಯ ಕಡೆ ಕಣ್ಣು ಹೊರಳಿಸಿ ಏನೋ ಕೇಳಲು ಹೋದಳು, ನಿದ್ದೆ ಬಂದುಬಿಟ್ಟಿತು. ಪರದೆ ಸರಿಸಿದಾಗ ಬಾಳವ್ವ ಕುರ್ಚಿಯಲ್ಲೇ ತಲೆ ಚೆಲ್ಲಿ ಎಚ್ಚರ ತಪ್ಪಿದ್ದಳು. ಸಾಬರು ಅವಳ ಮುಖಕ್ಕೆ ನೀರು ಚಿಮುಕಿಸುತ್ತ ಅಳುತ್ತಿದ್ದರು.

ಮೂರನೆಯ ದಿನ ಚಂಪವ್ವನಿಗೆ ಮಾತು ಸರಿಯಾಗಿ ಬಂತು. ಮೊದಲು ಕೇಳಿದ್ದು ರಿಜಿಸ್ಟರ್. ಸಾಬರು ತಂದು ಅವಳ ಮಡಿಲಲ್ಲಿಟ್ಟು, ಆ ಪುಟ ತೆಗೆದರು. ಅವಳು ಎರಡನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

“ಇನ್ನೂ ‘ಳ’ ಸೊಟ್ಟನ ಬರೀತಾಳ,” ಎಂದಳು. “ಎಷ್ಟು ಸಲ ಹೇಳಿದ್ನಿ.”

ಬಾಳವ್ವ ವಾರ್ಡಿನ ಬಾಗಿಲಲ್ಲಿ ಗಂಜಿಯ ಡಬ್ಬಿ ಹಿಡಿದು ನಿಂತಿದ್ದಳು. ಮೂರು ದಿನದಿಂದ ಅಲ್ಲೇ ನಿಂತು ಡಬ್ಬಿಯ ಗಂಜಿಯನ್ನು ನರ್ಸಿನ ಕೈಗೆ ಕೊಟ್ಟು ಹೋಗುತ್ತಿದ್ದಳು. ಚಂಪವ್ವ ತಲೆ ಎತ್ತಿದಳು.

“ಎಂದಿನಿಂದ?”

“ಈ ಹಲ್ಲು ಎರಡು ತಿಂಗಳಾತು.”

“ಈ ಹಲ್ಲಲ್ಲ. ಎಂದಿನಿಂದ?”

ಬಾಳವ್ವ ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. “ಕೂಸು ಹೋತಲ್ಲ, ಆ ವರ್ಷದಿಂದ. ನಿನ್ನ ಮ್ಯಾಲಿನ ಹಲ್ಲು ನೋಯ್ತು ಒಮ್ಮೆ. ಆಮ್ಯಾಲ ಬಲಗಡಿದು. ಉದುರಿದ್ವಲ್ಲ, ಅವು ಎರಡೂ.”

“ಗ್ವಾಡಿ ಬಡದು ಹೇಳಬಾರದಿತ್ತೇನ?”

“ಗ್ವಾಡಿ ಕಟ್ಟಿಸಿದಾಕಿ ನೀನು.”

“ಕಟ್ಟಿಸೂ ಹಂಗ ಅಂದಾಕಿ ನೀನು.”

“ಅಂದೀನಿ,” ಎಂದಳು ಬಾಳವ್ವ. “ತಪ್ಪ ಅಂದೀನಿ.”

ಚಂಪವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಬಾಳವ್ವ ಹೋಗುವಳೇನೋ ಎಂದುಕೊಂಡೆ. ಆಗ ಚಂಪವ್ವ ಆ ಕಡೆ ಮುಖ ಮಾಡಿಕೊಂಡೇ, “ಗಂಜಿಗೆ ಉಪ್ಪು ಹಾಕೀಯೋ ಇಲ್ಲೋ? ಮೂರು ದಿನದಿಂದ ಸಪ್ಪನ ಕುಡ್ಯಾಕತ್ತೀನಿ, ಅಕ್ಕಾ” ಎಂದಳು.

ಸಾಬರು ನನ್ನನ್ನು ಕರೆದುಕೊಂಡು ಹೊರಗೆ ಬಂದರು. ಬೇವಿನ ಮರದ ಕೆಳಗೆ ಬೀಡಿ ಹಚ್ಚಲು ಹೋದವರು ನನ್ನ ಮುಖ ನೋಡಿ ಜೇಬಿಗಿಟ್ಟುಕೊಂಡರು.

“ಅವತ್ತ ದುಂಡಪ್ಪನ ನೋವು ಚಂಪವ್ವಗ ಹೋತು ಅಂತ ಎಲ್ಲಾರೂ ನಕ್ಕೆವ್ರಿ, ನಾನೂ ನಕ್ಕೆ,” ಎಂದರು. “ಬಾಳವ್ವನ ಜೀವ ಅಷ್ಟೊತ್ತಿಗೆ ಯಾರ ಕಡೆ ಹೊಳ್ಳಿತ್ತು ಅಂತ ಒಬ್ಬರೂ ಕೇಳಲಿಲ್ಲ.”

ಹನ್ನೆರಡು ದಿನಕ್ಕೆ ಚಂಪವ್ವ ಮನೆಗೆ ಹೋದಳು. ಗೋಡೆಯನ್ನು ಕೆಡವಲಿಲ್ಲ, ಅದರ ಮೇಲೆ ಈಗ ಎರಡೂ ಮನೆಯ ತೊಲೆಗಳು ಕೂತಿದ್ದವು. ಅಡುಗೆಮನೆಯ ಹತ್ತಿರ ಒಂದು ಬಾಗಿಲು ಇಡಿಸಿದರು. ಗೋಡೆ ಕಟ್ಟಿದ ಗೌಂಡಿಯ ಮಗನೇ ಬಂದು ಒಡೆದು ಕೊಟ್ಟ. ನಾನು ಮೂರು ತಿಂಗಳು ಚಂಪವ್ವನ ವಸಡಿನ ಕೆಲಸ ಮಾಡಿದೆ. ಬೇರಿನವರೆಗೆ ಶುಚಿ ಮಾಡುವುದು, ಮೆತ್ತಗೆ ಉಜ್ಜುವುದನ್ನು ಕಲಿಸುವುದು, ಮತ್ತೆ ನೋಡುವುದು. ವಸಡು ವಾಸಿಯಾದರೆ ಸಕ್ಕರೆಯೂ ಸ್ವಲ್ಪ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಬಂದರೆ ವಸಡು ಬೇಗ ಕೂಡಿಕೊಳ್ಳುತ್ತದೆ ಎಂದು ಓದಿದ್ದೆ. ಕಣ್ಣಾರೆ ಕಂಡದ್ದು ಆಗ. ದೊಡ್ಡ ಡಾಕ್ಟರು ಅವಳ ರಕ್ತದ ಚೀಟಿ ಹಿಡಿದು ನನ್ನ ಕೋಣೆಗೆ ತಾವೇ ಬಂದು, ತಮ್ಮ ಸಕ್ಕರೆ ರೋಗಿಗಳನ್ನೆಲ್ಲ ಒಮ್ಮೆ ನನ್ನ ಕಡೆ ಕಳಿಸುವುದಾಗಿ ಹೇಳಿದರು. ನೋವಿನವರಿರಲಿ ಇಲ್ಲದಿರಲಿ, ಎಲ್ಲರನ್ನೂ. ನೋವಿನವರಿಲ್ಲದವರ ಹೆಸರಿನ ಎದುರು ಸಾಬರು ಗೆರೆ ಎಳೆಯುವುದನ್ನು ಬಿಟ್ಟು, ತಮ್ಮ ಹೆಸರನ್ನೇ ಬರೆಯತೊಡಗಿದರು. ಕೇಳಿದರೆ, “ಮನ್ಯಾಗ ಏಳು ಅದಾವ, ಇನ್ನೊಂದೆರಡು ಹೆಚ್ಚಾದ್ರ ಏನಾತ್ರಿ?” ಎಂದರು.

ಒಂದೇ ತೊಂದರೆ ಉಳಿದಿತ್ತು. ಚಂಪವ್ವ ಪಾಕವನ್ನು ನಾಲಿಗೆಗೆ ಇಡುವಂತಿರಲಿಲ್ಲ. ನಾಲಿಗೆಗೆ ಇಡದೆ ಅವಳಿಗೆ ಬತ್ತಾಸಿನ ಹದ ತಿಳಿಯುತ್ತಿರಲಿಲ್ಲ. ಬಾಳವ್ವ ಬೆಂಡಿನ ಪಾಕವನ್ನು ಯಾವತ್ತೂ ಬೆರಳಲ್ಲಿ ಎಳೆದು ನೋಡಿದವಳು, ನಾಲಿಗೆಯ ಲೆಕ್ಕ ಅವಳಿಗೆ ಹೊಸದು. ಆದರೂ ದಿನಾ ಬೆಳಿಗ್ಗೆ ಹೊಸ ಬಾಗಿಲು ದಾಟಿ ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು. ನಾನು ಒಮ್ಮೆ ಬತ್ತಾಸು ಕೊಳ್ಳಲು ಹೋದಾಗ ನೋಡಿದೆ. ಚಂಪವ್ವ ಚಮಚದಲ್ಲಿ ಹನಿ ಎತ್ತಿ ಊದಿ ಅವಳ ನಾಲಿಗೆಗೆ ಬಿಡುತ್ತಾಳೆ.

“ಹೆಂಗೈತಿ? ಕರಗಿತೇನ, ನಿಂತೈತೇನ?”

“ಸಿಹಿ ಐತಿ.”

“ಸಿಹಿ ಇರೂದು ನಂಗೂ ಗೊತ್ತು. ಕರಗಿತೇನ ಅಂದ್ನಿ.”

“ತಡೀ, ಇನ್ನೊಂದ ಹನಿ ಹಾಕು.”

ಆ ವರ್ಷ ಬತ್ತಾಸು ಒಮ್ಮೆ ಗಟ್ಟಿ, ಒಮ್ಮೆ ಪುಡಿ. ಊರವರು ಗೊಣಗಲಿಲ್ಲ, ತಂದದ್ದನ್ನು ತಿಂದರು.

ವರ್ಷ ಕಳೆದು, ನನಗೆ ಬೇರೆ ಊರಿಗೆ ವರ್ಗವಾಗಿ ಬಂದ ಆದೇಶ ಮೇಜಿನ ಮೇಲಿದ್ದ ಒಂದು ಬೆಳಿಗ್ಗೆ, ಮೋದಿನ್ ಸಾಬರು ಇನ್ನೂ ನೆಲ ಒರೆಸುತ್ತಿರುವಾಗಲೇ ಚಂಪವ್ವ ಬಂದಳು. ಬಲಗೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಣ್ಣು ಕೆಂಪಗಾಗಿತ್ತು. ಹಿಂದೆ ಬಾಳವ್ವ, ಎಳೆದು ತಂದವರಂತೆ.

“ಬಾಯಾರ,” ಎಂದಳು ಚಂಪವ್ವ, “ನಂಗ ನೋಯಾಕತ್ತೈತಿ!” ಅದನ್ನು ಅವಳು ಲಾಟರಿ ಹತ್ತಿದವರ ದನಿಯಲ್ಲಿ ಹೇಳಿದಳು, ಮರುಕ್ಷಣವೇ “ಅಯ್ಯಯ್ಯೋ” ಎಂದು ಗೋಡೆ ಹಿಡಿದಳು.

“ಸುಳ್ಳ ಅಂತಾಳ್ರಿ,” ಎಂದಳು ಬಾಳವ್ವ. “ನನ್ನ ಹಲ್ಲು ಯಾವತ್ತರ ಕೆಟ್ಟಾವೇನ? ನೀವ ಹೇಳಿದ್ರಲ್ಲ, ನಿಮ್ಮ ಹಲ್ಲು ಚಲೋ ಅದಾವ ಅಂತ. ನಂದು ಯಾರಿಗೂ ನೋಯೂದಿಲ್ಲ.”

ಬಾಳವ್ವನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದೆ. ಮೇಲಿನ ಬಲಗಡೆ, ಹಿಂದಿನಿಂದ ಎರಡನೆಯ ಹಲ್ಲು. ಒಂದು ವರ್ಷದ ಪಾಕದ ಹನಿ ಅಲ್ಲಿ ತನ್ನ ಕೆಲಸ ಮಾಡಿತ್ತು. ಸಲಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ.

ಮರದ ಕುರ್ಚಿಯಲ್ಲಿ ಕೂತಿದ್ದ ಚಂಪವ್ವ “ಅಯ್ಯವ್ವಾ!” ಎಂದು ಚೀರಿದಳು.

ಬಾಳವ್ವ ಕತ್ತು ತಿರುಗಿಸಿ ಅವಳನ್ನು ನೋಡಿದಳು. ಅರವತ್ತೇಳು ವರ್ಷದ ಆ ಮುಖದಲ್ಲಿ ಏನೇನು ಬಂದು ಹೋಯಿತೋ, ನಾನು ಬಾಯಿಯನ್ನಷ್ಟೇ ನೋಡಲು ಕಲಿತವಳು, ಹೇಳಲಾರೆ. ಅವಳು ನನ್ನ ಕೈಯನ್ನು ತನ್ನ ಬಾಯಿಂದ ಹೊರಗೆ ಸರಿಸಿದಳು.

“ಬಾಯಾರ, ಇನ್ನೊಮ್ಮೆ ಬಡೀರಿ.”

ನಾನು ಚಂಪವ್ವನ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಟ್ಟಗೆ ಕೂತಳು.

“ಬಡೀರಿ,” ಎಂದಳು. “ಆಕಿ ಕೇಳಾಕತ್ತಾಳಲ್ಲ.”